ಟ್ಯೂಬ್ ಫೀಡ್ ತೆಗೆದುಕೊಳ್ಳುವ ಮಕ್ಕಳಿಗೆ ನಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಮೂಗಿನ ಟ್ಯೂಬ್ ಅಥವಾ ಹೊಟ್ಟೆಗೆ ಹಾಕಿದ ಟ್ಯೂಬ್ ಮೂಲಕ ಊಟ ಮಾಡುವ ಮಕ್ಕಳ ಜೊತೆ ನಾನು ಡಯಟಿಷಿಯನ್ ಆಗಿ ಕೆಲಸ ಮಾಡುತ್ತೇನೆ. ಅಪ್ಪ-ಅಮ್ಮಂದಿರು ಕ್ಯಾಲೊರಿ, ಪ್ರೋಟೀನ್ ಬಗ್ಗೆ ಕೇಳುವುದಕ್ಕಿಂತ ಜಾಸ್ತಿ ಮೋಷನ್ ಬಗ್ಗೆ ಕೇಳುತ್ತಾರೆ. ಮೋಷನ್ ಮಾತು ಬಂದರೆ ನಾರಿನ ಮಾತು ಬಂದೇ ಬರುತ್ತದೆ. ಎದುರು ಕೂತು, ಫೋನಿನಲ್ಲಿ, ಪತ್ರದಲ್ಲಿ ಅವರು ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಓದಿದ್ದನ್ನು ಮಗುವಿನ ಡಾಕ್ಟರ್ ಮತ್ತು ಡಯಟಿಷಿಯನ್ ಮುಂದೆ ಇಟ್ಟು ಮಾತಾಡಿ. ಅವರಿಗೆ ಹೇಳದೆ ಫೀಡ್ ಬದಲಾಯಿಸಬೇಡಿ.

## ಮೊದಮೊದಲ ಪ್ರಶ್ನೆಗಳು

ನಾರು ಜೀರ್ಣವೇ ಆಗಲ್ಲ ಅಂತಾರೆ. ಹಾಗಿದ್ರೆ ಅದನ್ನು ಮಗುವಿಗೆ ಯಾಕೆ ಕೊಡಬೇಕು?

ಸಣ್ಣ ಕರುಳಿನಲ್ಲಿ ಜೀರ್ಣ ಆಗುವುದಿಲ್ಲ, ನಿಜ. ಅದರ ಕೆಲಸ ಶುರುವಾಗುವುದೇ ದೊಡ್ಡ ಕರುಳಿನಲ್ಲಿ. ಅಲ್ಲಿರುವ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸುತ್ತವೆ. ಆಗ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಚಿಕ್ಕ ಕೊಬ್ಬಿನಾಮ್ಲಗಳು ಹುಟ್ಟುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಈ ಬ್ಯುಟಿರೇಟೇ ಮುಖ್ಯ ಊಟ. ಇದೇ ಆಮ್ಲಗಳು ಕರುಳು ಉಪ್ಪು ಮತ್ತು ನೀರನ್ನು ಹೀರಿಕೊಳ್ಳಲೂ ನೆರವಾಗುತ್ತವೆ. ಹಾಗಾಗಿಯೇ ನಾರು ಗಟ್ಟಿ ಮೋಷನ್‌ಗೂ ಬೇಕು, ನೀರು ಮೋಷನ್‌ಗೂ ಬೇಕು.

ಮಗುವಿಗೆ ಕೊಡುವ ನಾರು ಅದರ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಹಾಕುವ ಊಟ ಅಂತ ತಿಳಿಯಿರಿ. ಅವಕ್ಕೂ ಹೊಸ ಊಟ ಒಗ್ಗಲು ಟೈಮ್ ಬೇಕು. ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಈ ಮಾತಿನಲ್ಲೇ ಇದೆ.

ಕರಗುವ ನಾರು, ಕರಗದ ನಾರು ಅಂತಾರಲ್ಲ, ಏನು ವ್ಯತ್ಯಾಸ?

ಕರಗುವ ನಾರು ನೀರಿನಲ್ಲಿ ಕರಗುತ್ತದೆ. ಕೆಲವು ಕರಗಿ ಅಂಟಾಗುತ್ತವೆ, ಪೆಕ್ಟಿನ್ ಹಾಗೆ. ಕೆಲವು ಕರಗಿದರೂ ನೀರಿನ ಹಾಗೇ ತೆಳುವಾಗಿರುತ್ತವೆ. ಇನ್ಯುಲಿನ್, ಭಾಗಶಃ ಒಡೆದ ಗೋರಿ ಅಂಟು, ಅಂದರೆ ಗ್ವಾರ್ ಗಮ್, ಈ ಗುಂಪಿನವು. ಸೆಲ್ಯುಲೋಸ್, ಬಟಾಣಿ ಸಿಪ್ಪೆಯ ನಾರು ಇವೆಲ್ಲ ಕರಗದವು. ಇವು ಮಲದ ಗಾತ್ರ ಹೆಚ್ಚಿಸಿ ಮುಂದಕ್ಕೆ ತಳ್ಳುತ್ತವೆ.

ಟ್ಯೂಬ್ ಹಾಕಿರುವ ಮಗುವಿನ ವಿಷಯದಲ್ಲಿ ಇನ್ನೂ ಎರಡು ಪ್ರಶ್ನೆ ಕೇಳಬೇಕು. ಬ್ಯಾಕ್ಟೀರಿಯಾ ಇದನ್ನು ಎಷ್ಟು ಬೇಗ ಹುದುಗಿಸುತ್ತದೆ? ಇದು ಎಷ್ಟು ಮಂದವಾಗುತ್ತದೆ? ಮೊದಲನೆಯದರಿಂದ ಗ್ಯಾಸ್ ಎಷ್ಟು ಅಂತ ಗೊತ್ತಾಗುತ್ತದೆ. ಎರಡನೆಯದರಿಂದ ಟ್ಯೂಬ್ ಕಟ್ಟಿಕೊಳ್ಳುತ್ತದೋ ಇಲ್ಲವೋ ಗೊತ್ತಾಗುತ್ತದೆ.

ನಮ್ಮ ಡಬ್ಬಿಯಲ್ಲಿ ನಾರು ಇದೆಯೋ ಇಲ್ವೋ ಹೇಗೆ ನೋಡೋದು?

ಪೋಷಕಾಂಶದ ಪಟ್ಟಿಯಲ್ಲಿ 100 ಮಿಲಿಗೆ ಎಷ್ಟು ಗ್ರಾಂ ನಾರು ಅಂತ ಬರೆದಿರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಇನ್ಯುಲಿನ್, ಫ್ರಕ್ಟೋಒಲಿಗೋಸ್ಯಾಕರೈಡ್, ಸೋಯಾ ಪಾಲಿಸ್ಯಾಕರೈಡ್, ಅಕೇಶಿಯಾ ಗಮ್, ಗ್ವಾರ್ ಗಮ್, ಪೆಕ್ಟಿನ್, ಸೆಲ್ಯುಲೋಸ್, ನಿರೋಧಕ ಪಿಷ್ಟ ಇಂಥ ಹೆಸರು ಹುಡುಕಿ. ಒಂದೇ ಬ್ರ್ಯಾಂಡಿನಲ್ಲಿ ನಾರಿರುವ ಡಬ್ಬಿ, ನಾರಿಲ್ಲದ ಡಬ್ಬಿ ಎರಡೂ ಇರುತ್ತವೆ, ನೋಡಲು ಒಂದೇ ಥರ. ಹೊಸ ಸ್ಟಾಕ್ ಬಂದಾಗ ಡಬ್ಬಿಯ ಬಣ್ಣ ನಂಬಬೇಡಿ, ಪಟ್ಟಿ ಓದಿ. ಮಗುವಿಗೆ ಸೋಯಾ ಅಥವಾ ಗೋಧಿ ಅಲರ್ಜಿ ಇದ್ದರಂತೂ ಪ್ರತಿ ಸಲವೂ ಓದಲೇಬೇಕು.

ದಿನಕ್ಕೆ ಎಷ್ಟು ನಾರು ಬೇಕು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಹೌದು, ಯಾಕೆಂದರೆ ಲೆಕ್ಕಗಳೇ ಬೇರೆ ಬೇರೆ ಇವೆ. 1995ರಿಂದ ಬಳಕೆಯಲ್ಲಿರುವ ಸುಲಭದ ಸೂತ್ರ ಒಂದಿದೆ: 2 ವರ್ಷ ದಾಟಿದ ಮಕ್ಕಳಿಗೆ ವಯಸ್ಸಿಗೆ 5 ಕೂಡಿಸಿದರೆ ಅಷ್ಟು ಗ್ರಾಂ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಕೊಟ್ಟ ಲೆಕ್ಕದಲ್ಲಿ 1ರಿಂದ 3 ವರ್ಷಕ್ಕೆ 10 ಗ್ರಾಂ, 4ರಿಂದ 6ಕ್ಕೆ 14, 7ರಿಂದ 10ಕ್ಕೆ 16, 11ರಿಂದ 14ಕ್ಕೆ 19 ಗ್ರಾಂ. ಅಮೆರಿಕದ ಲೆಕ್ಕ 1000 ಕ್ಯಾಲೊರಿಗೆ 14 ಗ್ರಾಂ. ಅದರ ಪ್ರಕಾರ 4ರಿಂದ 8 ವರ್ಷದ ಮಗುವಿಗೆ 25 ಗ್ರಾಂ ಆಗುತ್ತದೆ. ಅಂದರೆ 5 ವರ್ಷದ ಒಂದೇ ಮಗುವಿಗೆ ಒಬ್ಬರು 10, ಇನ್ನೊಬ್ಬರು 14, ಮತ್ತೊಬ್ಬರು 25 ಅಂತ ಹೇಳಬಹುದು. ಯಾರೂ ಸುಳ್ಳು ಹೇಳುತ್ತಿಲ್ಲ.

ಈ ಲೆಕ್ಕಗಳೆಲ್ಲ ಬಾಯಲ್ಲಿ ತಿಂದು ಓಡಾಡುವ ಆರೋಗ್ಯವಂತ ಮಕ್ಕಳದ್ದು ಅನ್ನುವುದು ನೆನಪಿರಲಿ. ದಿನಕ್ಕೆ 900 ಮಿಲಿ ಫೀಡ್ ಹೋಗುತ್ತಿದೆ, 100 ಮಿಲಿಯಲ್ಲಿ 0.8 ಗ್ರಾಂ ನಾರಿದೆ ಅಂದುಕೊಳ್ಳಿ. ಒಟ್ಟು 7.2 ಗ್ರಾಂ ಆಯಿತು. ಮಗು 5 ವರ್ಷದ್ದು, ದಿನಾ ಮೆತ್ತಗೆ ಮೋಷನ್ ಆಗುತ್ತಿದೆ, ಹೊಟ್ಟೆ ಹಗುರವಾಗಿದೆ. ನಾನಾದರೆ ಆ 7.2ನ್ನು ಮುಟ್ಟುವುದಿಲ್ಲ. ಪುಸ್ತಕದ ಸಂಖ್ಯೆ ತಲುಪಬೇಕು ಅಂತ ಸುಮ್ನೆ ಪುಡಿ ಸೇರಿಸಿ ಮಗುವಿನ ಹೊಟ್ಟೆ ಉಬ್ಬಿಸಬಾರದು.

ಪಾಪುಗೆ ಇನ್ನೂ 5 ತಿಂಗಳು. ನಾರು ಬೇಕಾ?

ಬೇರೆಯಾಗಿ ಬೇಡ. ಹುಟ್ಟಿದ ಮೊದಲ ವರ್ಷಕ್ಕೆ ಮೇಲಿನ ಯಾವ ಲೆಕ್ಕವೂ ನಾರಿನ ಪ್ರಮಾಣವನ್ನು ನಿಗದಿ ಮಾಡಿಲ್ಲ. ಎದೆಹಾಲಿನಲ್ಲೇ ಒಲಿಗೋಸ್ಯಾಕರೈಡ್‌ಗಳಿವೆ. ಲ್ಯಾಕ್ಟೋಸ್ ಮತ್ತು ಕೊಬ್ಬು ಬಿಟ್ಟರೆ ಹಾಲಿನಲ್ಲಿ ಅತಿ ಹೆಚ್ಚಿರುವ ಘನ ಅಂಶ ಅದೇ. ಪಾಪು ಅದನ್ನು ಜೀರ್ಣ ಮಾಡಿಕೊಳ್ಳುವುದಿಲ್ಲ, ಅದರ ಕರುಳಿನ ಬ್ಯಾಕ್ಟೀರಿಯಾ ತಿನ್ನುತ್ತದೆ. ಅಂದರೆ ಎದೆಹಾಲನ್ನು ಟ್ಯೂಬಿನಲ್ಲಿ ಕೊಡುತ್ತಿದ್ದರೂ ನಾರಿನ ಕೆಲಸ ನಡೆಯುತ್ತಲೇ ಇದೆ. ತಿಂಗಳು ತುಂಬದೆ ಹುಟ್ಟಿದ ಪಾಪುವಿಗಂತೂ ಯಾವ ನಾರಿನ ಪುಡಿಯನ್ನೂ ನೀವಾಗಿ ಹಾಕಬೇಡಿ. ಆ ಕರುಳು ತುಂಬಾ ನಾಜೂಕು.

ಐಸಿಯುನಲ್ಲಿ ನಾರಿಲ್ಲದ ಫೀಡ್ ಕೊಟ್ರು. ವಾರ್ಡಿಗೆ ಬಂದ್ಮೇಲೆ ನಾರಿರೋದು ಕೊಡಿ ಅಂದ್ರು. ಯಾರು ಸರಿ?

ಇಬ್ಬರೂ ಸರಿ. ರಕ್ತದೊತ್ತಡ ಏರುಪೇರಾಗಿರುವಾಗ, ಕರುಳಿಗೆ ರಕ್ತ ಸರಿಯಾಗಿ ಹರಿಯುತ್ತಿಲ್ಲ ಎಂಬ ಅನುಮಾನ ಇರುವಾಗ, ಕರುಳು ಚಲನೆಯೇ ಇಲ್ಲದೆ ಮಲಗಿರುವಾಗ ನಾರು ಕೊಡುವುದಿಲ್ಲ. ಒಳಗೆ ನಾರು ನಿಂತು ಗಡ್ಡೆ ಕಟ್ಟಬಹುದು. ಮಗು ಚೇತರಿಸಿಕೊಂಡ ಮೇಲೆ ಆ ಕಾರಣ ಉಳಿಯುವುದಿಲ್ಲ. ಸೆರೆಬ್ರಲ್ ಪಾಲ್ಸಿಯಂಥ ನರ ಸಂಬಂಧಿ ತೊಂದರೆ ಇರುವ ಮಕ್ಕಳಿಗೆ 1 ವರ್ಷ ದಾಟಿದ ಮೇಲೆ ನಾರಿರುವ ಸಾಮಾನ್ಯ ಫಾರ್ಮುಲಾವನ್ನೇ ಕೊಡಿ ಎಂದು ಯುರೋಪಿನ ಮಕ್ಕಳ ಜೀರ್ಣಾಂಗ ತಜ್ಞರ ಸಂಘ 2017ರಲ್ಲಿ ಹೇಳಿದೆ.

ಹಿಂದೆ ಹೀಗಿರಲಿಲ್ಲ. 1960ರ ದಶಕದಲ್ಲಿ ಗಗನಯಾತ್ರಿಗಳಿಗಾಗಿ ಮಲ ಕಡಿಮೆ ಬರುವಂಥ ಆಹಾರ ಹುಡುಕುತ್ತಿದ್ದರು. ಆ ಕೆಲಸದಿಂದ ಬಂದ ನಾರಿಲ್ಲದ ದ್ರವ ಆಹಾರ ಆಸ್ಪತ್ರೆಗೂ ಬಂತು. ತೆಳ್ಳಗಿನ ಟ್ಯೂಬಿನಲ್ಲಿ ಸಲೀಸಾಗಿ ಹರಿಯುತ್ತಿತ್ತು, ಹಾಗಾಗಿ ಅದೇ ರೂಢಿಯಾಯಿತು. ನಾರಿಲ್ಲದ ಊಟದಲ್ಲೇ ವರ್ಷಗಟ್ಟಲೆ ಬೆಳೆಯಬೇಕಾದ ಮಗುವಿನ ಬಗ್ಗೆ ಯೋಚನೆ ಆಮೇಲೆ ಬಂತು.

## ಮೋಷನ್, ನೀರು, ಗ್ಯಾಸ್

ನಾರಿರೋ ಫೀಡ್‌ಗೆ ಬದಲಾಯಿಸಿ ಮೂರು ವಾರ ಆಯ್ತು. ಮೋಷನ್ ಇನ್ನೂ ಕಲ್ಲಿನ ಹಾಗೇ ಇದೆ. ಯಾಕೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವಾಗ ಅಮ್ಮಂದಿರ ದನಿ ಸಣ್ಣದಾಗಿರುತ್ತದೆ, ತಾವೇ ಏನೋ ತಪ್ಪು ಮಾಡಿದ ಹಾಗೆ. ತಪ್ಪು ನಿಮ್ಮದಲ್ಲ. ಫೀಡ್ ಬದಲಾಯಿಸುವಾಗ ನೀರಿನ ಮಾತನ್ನು ನಿಮಗೆ ಯಾರೂ ಸರಿಯಾಗಿ ಹೇಳಿರುವುದಿಲ್ಲ, ಅಷ್ಟೇ.

ನಾರು ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೆತ್ತಗೆ ಮಾಡಬೇಕು. ಹಿಡಿಯಲು ನೀರೇ ಇಲ್ಲದಿದ್ದರೆ ಮಲ ದಪ್ಪವಾಗುತ್ತದೆ, ಮೆತ್ತಗಾಗುವುದಿಲ್ಲ. ಮೊದಲಿಗಿಂತ ಕಷ್ಟ ಜಾಸ್ತಿ ಆಗುತ್ತದೆ. ಆದ್ದರಿಂದ ನಾನು ಮೊದಲು ನೋಡುವುದು ನೀರಿನ ಲೆಕ್ಕ.

ಎರಡನೆಯದು, ಒಳಗೆ ಹಳೆಯ ಮಲ ಗಟ್ಟಿಯಾಗಿ ಕೂತಿದೆಯಾ ಅಂತ ಡಾಕ್ಟರ್ ನೋಡಬೇಕು. ಕೂತಿದ್ದರೆ ಮೊದಲು ಅದನ್ನು ಔಷಧದಿಂದ ಖಾಲಿ ಮಾಡಬೇಕು. ಬಾಗಿಲು ಮುಚ್ಚಿರುವಾಗ ಹಿಂದಿನಿಂದ ತಳ್ಳಿದರೆ ಏನಾಗುತ್ತದೆ? ಹೊಟ್ಟೆ ಉಬ್ಬುತ್ತದೆ, ವಾಂತಿ ಆಗುತ್ತದೆ, ಮಗು ಅಳುತ್ತದೆ.

ಒಬ್ಬ ಅಮ್ಮನ ವಿಷಯ ಹೇಳುತ್ತೇನೆ. ಅವರ ಮಗಳಿಗೆ 6 ವರ್ಷ, ಸೆರೆಬ್ರಲ್ ಪಾಲ್ಸಿ. ಮಲದ ರೂಪವನ್ನು 1ರಿಂದ 7ರವರೆಗೆ ಗುರುತಿಸುವ ಬ್ರಿಸ್ಟಲ್ ಚಾರ್ಟ್ ಇದೆಯಲ್ಲ, ಅದರ ಒಂದು ಪ್ರತಿ ಕೊಟ್ಟಿದ್ದೆ. 1 ಅಂದರೆ ಕಾಳು ಕಾಳು, 7 ಅಂದರೆ ಬರೀ ನೀರು, 3-4 ಇದ್ದರೆ ಚೆನ್ನ. ಅವರು ಗೋಡೆಯ ಕ್ಯಾಲೆಂಡರ್ ಮೇಲೆ ಪ್ರತಿ ದಿನದ ಚೌಕದಲ್ಲಿ ನೀಲಿ ಪೆನ್ನಿನಿಂದ ಒಂದು ಸಂಖ್ಯೆ ಬರೆದರು. ತಿಂಗಳಾದ ಮೇಲೆ ಆ ಹಾಳೆ ಹರಿದು ತಂದು ನನ್ನ ಮೇಜಿನ ಮೇಲೆ ಹಾಸಿದರು. ಶಾಲೆ ಇದ್ದ ದಿನಗಳಲ್ಲೆಲ್ಲ 1, 2, 1, 2. ರಜೆ ಶುರುವಾಗಿ ಎರಡು ದಿನಕ್ಕೆ 3, ಆಮೇಲೆ ರಜೆ ಮುಗಿಯುವವರೆಗೂ 4. ಇಬ್ಬರೂ ಆ ಸಾಲುಗಳನ್ನೇ ನೋಡುತ್ತಾ ಕೂತೆವು. ವಿಚಾರಿಸಿದರೆ, ಶಾಲೆಯಲ್ಲಿ ಮಧ್ಯಾಹ್ನದ ಫೀಡ್ ತಪ್ಪದೆ ಹೋಗುತ್ತಿತ್ತು. ಆಮೇಲೆ ಕೊಡಬೇಕಾದ 120 ಮಿಲಿ ನೀರು ಮಾತ್ರ 10 ಮಿಲಿಗೆ ಇಳಿದಿತ್ತು. ನಾರು ಬದಲಾಯಿಸಲಿಲ್ಲ, ನೀರು ಸರಿ ಮಾಡಿದೆವು.

ಹಾಗಿದ್ರೆ ನೀರಿನ ಲೆಕ್ಕ ಹಾಕೋದು ಹೇಗೆ?

ಫೀಡ್ ದ್ರವ ಅಂದ ಮಾತ್ರಕ್ಕೆ ಅದೆಲ್ಲ ನೀರಲ್ಲ. ಮಿಲಿಗೆ 1 ಕ್ಯಾಲೊರಿ ಇರುವ ಫೀಡಿನಲ್ಲಿ ನೂರಕ್ಕೆ ಸುಮಾರು 80ರಿಂದ 85 ಭಾಗ ನೀರು. ಮಿಲಿಗೆ 1.5 ಕ್ಯಾಲೊರಿ ಇರುವುದರಲ್ಲಿ ಇನ್ನೂ ಕಡಿಮೆ.

ದಿನಕ್ಕೆ ಬೇಕಾದ ನೀರಿಗೆ 1957ರಿಂದ ಬಳಸುವ ಲೆಕ್ಕ ಇದು: ಮೊದಲ 10 ಕೆಜಿಗೆ ಕೆಜಿಗೆ 100 ಮಿಲಿ, ಮುಂದಿನ 10 ಕೆಜಿಗೆ ಕೆಜಿಗೆ 50 ಮಿಲಿ, ಅದರ ಮೇಲೆ ಕೆಜಿಗೆ 20 ಮಿಲಿ. 14 ಕೆಜಿ ಮಗುವಿಗೆ 1000 ಮತ್ತು 200, ಒಟ್ಟು 1200 ಮಿಲಿ. ಆ ಮಗುವಿಗೆ 1 ಕ್ಯಾಲೊರಿಯ ಫೀಡ್ 1000 ಮಿಲಿ ಹೋಗುತ್ತಿದ್ದರೆ ಅದರಿಂದ ಸಿಗುವ ನೀರು ಸುಮಾರು 830 ಮಿಲಿ. ಉಳಿದ 370 ಮಿಲಿ ಫ್ಲಶ್ ಆಗಿ, ಅಂದರೆ ಟ್ಯೂಬ್ ತೊಳೆಯಲು ಹಾಯಿಸುವ ನೀರಾಗಿ, ಮಧ್ಯೆ ಮಧ್ಯೆ ಕೊಡುವ ನೀರಾಗಿ ಹೋಗಬೇಕು. ಅದೇ ಮಗುವಿಗೆ 1.5 ಕ್ಯಾಲೊರಿಯ ಫೀಡ್ 650 ಮಿಲಿ ಕೊಟ್ಟರೆ ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ, ನೀರು ಮಾತ್ರ 500 ಮಿಲಿಯ ಆಸುಪಾಸು. ಆಗ ಕೊರತೆ 700 ಮಿಲಿ! ಮಗು ವಾಂತಿ ಮಾಡುತ್ತದೆ ಅಂತ ಫೀಡ್ ಗಟ್ಟಿ ಮಾಡಿದ ಮನೆಗಳಲ್ಲಿ ಮಲಬದ್ಧತೆ ಶುರುವಾಗುವುದು ಬಹಳ ಸಲ ಹೀಗೆ.

ಜ್ವರ, ಸೆಖೆ, ಜೊಲ್ಲು ಜಾಸ್ತಿ ಸುರಿಯುವುದು, ಇವೆಲ್ಲ ಇದ್ದರೆ ನೀರು ಇನ್ನೂ ಬೇಕು. ಹೃದಯ ಅಥವಾ ಕಿಡ್ನಿ ತೊಂದರೆ ಇರುವ ಮಗುವಿಗೆ ಈ ಲೆಕ್ಕ ಹಾಕಬೇಡಿ. ಅಲ್ಲಿ ಡಾಕ್ಟರ್ ಹೇಳಿದ್ದೇ ಲೆಕ್ಕ.

ಲೂಸ್ ಮೋಷನ್ ಆಗ್ತಿದೆ. ನಾರು ನಿಲ್ಲಿಸಿಬಿಡ್ಲಾ?

ಅವಸರ ಬೇಡ. ಟ್ಯೂಬ್ ಫೀಡ್ ಮಗುವಿಗೆ ಭೇದಿ ಆದರೆ ಬೈಗುಳ ಮೊದಲು ಬೀಳುವುದು ಫೀಡಿಗೇ. ಬಹಳ ಸಲ ಕಾರಣ ಬೇರೆ ಕಡೆ ಇರುತ್ತದೆ. ಹೋದ ವಾರ ಆಂಟಿಬಯಾಟಿಕ್ ಶುರುವಾಗಿತ್ತಾ? ಹೊಸ ಸಿರಪ್ ಬಂತಾ? ಎಷ್ಟೋ ಸಿಹಿ ಸಿರಪ್‌ಗಳಲ್ಲಿ ಸಾರ್ಬಿಟಾಲ್ ಎಂಬ ಸಿಹಿ ಪದಾರ್ಥ ಇರುತ್ತದೆ. ದಿನಕ್ಕೆ ನಾಲ್ಕು ಥರದ ಸಿರಪ್ ಹೋದರೆ ಸಾರ್ಬಿಟಾಲೇ ಭೇದಿ ತರಿಸಬಹುದು. ಪಂಪಿನ ವೇಗ ಏರಿಸಿದ್ದೀರಾ? ಕಲಸಿದ ಫೀಡ್ 4 ಗಂಟೆಗಿಂತ ಜಾಸ್ತಿ ಹೊರಗಿತ್ತಾ?

ಇನ್ನೊಂದು ಮೋಸದ ಭೇದಿ ಇದೆ. ಒಳಗೆ ಗಟ್ಟಿ ಮಲ ಅಡ್ಡ ಕೂತಿರುತ್ತದೆ, ಅದರ ಪಕ್ಕದಿಂದ ನೀರು ನೀರಾಗಿ ಸೋರುತ್ತದೆ. ಡಯಾಪರಿನಲ್ಲಿ ದಿನಕ್ಕೆ ಆರೇಳು ಸಲ ಸ್ವಲ್ಪ ಸ್ವಲ್ಪ ಕಲೆ, ಹೊಟ್ಟೆ ಮುಟ್ಟಿದರೆ ಗಟ್ಟಿ. ಇದು ಮಲಬದ್ಧತೆಯೇ. ಭೇದಿಯ ಔಷಧ ಕೊಟ್ಟರೆ ಕೆಲಸ ಕೆಡುತ್ತದೆ.

ಇದ್ಯಾವುದೂ ಅಲ್ಲ ಅಂತಾದರೆ ಕರಗುವ, ಹುದುಗುವ ನಾರು ನೀರು ಮೋಷನ್ ಕಡಿಮೆ ಮಾಡಲು ಸಹಾಯ ಮಾಡಬಹುದು. ಮೊದಲ ಉತ್ತರದಲ್ಲಿ ಹೇಳಿದ ಆಮ್ಲಗಳು ಕರುಳು ನೀರು ಹೀರುವಂತೆ ಮಾಡುವುದರಿಂದ ಹೀಗಾಗುತ್ತದೆ. ಆದರೆ ನಾರಿನ ಪ್ರಮಾಣ ಹೆಚ್ಚಿಸಿದ ಎರಡು ದಿನದಲ್ಲೇ ಭೇದಿ ಶುರುವಾಗಿದ್ದರೆ ಹಿಂದಿನ ಪ್ರಮಾಣಕ್ಕೆ ಇಳಿಯಿರಿ. ಮೋಷನ್ ನೀರಾಗಿ, ಮೂತ್ರ ಕಡಿಮೆಯಾಗಿ, ಮಗು ಸೋತು ಮಲಗಿದರೆ ಯಾವ ಲೆಕ್ಕವೂ ಬೇಡ, ಆಸ್ಪತ್ರೆಗೆ ಹೊರಡಿ.

ಹೊಟ್ಟೆ ಡೋಲಿನ ಹಾಗೆ ಉಬ್ಬಿದೆ, ಗ್ಯಾಸ್ ಹೋಗ್ತಾನೇ ಇದೆ. ನಾರು ಒಗ್ತಾ ಇಲ್ಲ ಅಂತಾನಾ?

ಗ್ಯಾಸ್ ಹೊರಗೆ ಹೋಗುತ್ತಿದೆ ಅಂದರೆ ಹುದುಗುವಿಕೆ ನಡೆದಿದೆ, ದಾರಿಯೂ ತೆರೆದಿದೆ. ಸಾಮಾನ್ಯವಾಗಿ ಇದು ಅವಸರದ ಫಲ. ನಾರಿಲ್ಲದ ಫೀಡಿನಿಂದ ನಾರಿರುವ ಫೀಡಿಗೆ ಒಂದೇ ದಿನದಲ್ಲಿ ಹಾರಿರುತ್ತೀರಿ. ಕಾಲು ಭಾಗ ಹೊಸದು, ಮುಕ್ಕಾಲು ಹಳೆಯದು ಅಂತ ಶುರು ಮಾಡಿ. ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ಮೆಟ್ಟಿಲು ಹತ್ತಿ. ಎರಡು ವಾರ ಹಿಡಿದರೂ ಪರವಾಗಿಲ್ಲ.

ನಾರಿನ ಜಾತಿಯೂ ನೋಡಬೇಕು. ಚಿಕ್ಕ ಸರಪಳಿಯ ಫ್ರಕ್ಟೋಒಲಿಗೋಸ್ಯಾಕರೈಡ್ ಬೇಗ ಹುದುಗುತ್ತದೆ, ಗ್ಯಾಸ್ ಜಾಸ್ತಿ. ಒಡೆದ ಗ್ವಾರ್ ಗಮ್ ನಿಧಾನ, ಹಾಗಾಗಿ ಕೆಲವು ಮಕ್ಕಳಿಗೆ ಅದು ಹಗುರ. ಹೊಟ್ಟೆಯ ಟ್ಯೂಬ್ ಇದ್ದರೆ ಫೀಡಿಗೆ ಮೊದಲು ಅದಕ್ಕೆ ಪಿಸ್ಟನ್ ತೆಗೆದ ಸಿರಿಂಜ್ ಸಿಕ್ಕಿಸಿ, ಮಗುವಿನ ಎದೆಗಿಂತ ಎತ್ತರಕ್ಕೆ ಹಿಡಿದು ಹತ್ತು ನಿಮಿಷ ಬಿಡಿ. ಬುಳುಬುಳು ಅಂತ ಗಾಳಿ ಬರುತ್ತದೆ. ಹೀಗೆ ಬರುವುದು ಜಠರದ ಗಾಳಿ ಮಾತ್ರ. ದೊಡ್ಡ ಕರುಳಿನ ಗ್ಯಾಸಿಗೆ ಕಾಲು ಮಡಚಿ ಬಿಡಿಸುವುದು, ಹೊಟ್ಟೆ ನೀವುವುದು, ಮಗುವನ್ನು ಮಗ್ಗುಲು ಬದಲಾಯಿಸಿ ಮಲಗಿಸುವುದು ಸಹಾಯ ಮಾಡುತ್ತದೆ.

ನಾರು ಶುರು ಮಾಡಿದ್ವಲ್ಲ, ಇನ್ನು ಮಲಬದ್ಧತೆಯ ಔಷಧ ನಿಲ್ಲಿಸಬಹುದಾ?

ಬೇಡ. ಮಕ್ಕಳ ಮಲಬದ್ಧತೆಗೆ ನಾರಿನ ಪೂರಕವನ್ನೇ ಚಿಕಿತ್ಸೆಯಾಗಿ ಕೊಡಲು ಸಾಕಷ್ಟು ಆಧಾರ ಇಲ್ಲ ಎಂದು ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜೀರ್ಣಾಂಗ ತಜ್ಞರು 2014ರಲ್ಲಿ ಸೇರಿ ಬರೆದಿದ್ದಾರೆ. ಸಾಮಾನ್ಯ ಪ್ರಮಾಣದ ನಾರು ಇರಲಿ, ಔಷಧದಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಮೊದಲು ಅನ್ನುತ್ತಾರೆ. ನಡೆಯಲಾಗದ, ಸ್ನಾಯು ಸಡಿಲವಿರುವ ಮಗುವಿನ ಕರುಳು ಮೊದಲೇ ನಿಧಾನ. ಔಷಧ ಕೊಡಬೇಕಾಗಿ ಬಂತು ಅಂತ ಬೇಸರ ಮಾಡಿಕೊಳ್ಳಬೇಡಿ. ಕಡಿಮೆ ಮಾಡುವುದಾದರೆ ಡಾಕ್ಟರ್ ಜೊತೆ ಕೂತು, ಹಂತ ಹಂತವಾಗಿ.

## ಟ್ಯೂಬ್, ಪುಡಿ, ಮಿಕ್ಸಿ

ನಾರಿರೋ ಫೀಡ್ ಹಾಕಿದ್ರೆ ಟ್ಯೂಬ್ ಕಟ್ಟಿಕೊಳ್ಳುತ್ತೆ ಅಂತ ಭಯ.

ಟ್ಯೂಬಿನ ಅಳತೆ ಫ್ರೆಂಚ್‌ನಲ್ಲಿ ಇರುತ್ತದೆ. 3 ಫ್ರೆಂಚ್ ಅಂದರೆ 1 ಮಿಲಿಮೀಟರ್. 6 ಫ್ರೆಂಚ್ ಮೂಗಿನ ಟ್ಯೂಬಿನ ಹೊರಸುತ್ತಿನ ಅಗಲವೇ 2 ಮಿಲಿಮೀಟರ್, ಒಳಗಿನ ದಾರಿ ಇನ್ನೂ ಕಿರಿದು. ಅಷ್ಟು ಸಣ್ಣ ದಾರಿಯಲ್ಲೂ ಹರಿಯುವಂತೆಯೇ ಕಂಪನಿಯವರು ನಾರಿರುವ ಫೀಡ್ ತಯಾರಿಸಿರುತ್ತಾರೆ. ಮನೆಯಲ್ಲಿ ಎರಡು ಕಡೆ ಎಡವಟ್ಟಾಗುತ್ತದೆ.

ಒಂದು, ಬಾಟಲಿ ಅಲ್ಲಾಡಿಸದೆ ಸುರಿಯುವುದು. ಕರಗದ ನಾರು ತಳಕ್ಕೆ ಇಳಿದಿರುತ್ತದೆ. ಒಮ್ಮೆ ಅಲ್ಲಾಡಿಸದ ಬಾಟಲಿಯಿಂದ ಕೊನೆಯ ಎರಡು ಬೆರಳಿನಷ್ಟು ಫೀಡನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬೆಳಕಿಗೆ ಹಿಡಿಯಿರಿ. ತಳದಲ್ಲಿ ನಯವಾದ ಮರಳಿನಂಥ ಕಂದು ಪದರ ಕಾಣುತ್ತದೆ. ಕೊನೆಯ ಸಿರಿಂಜ್ ಯಾಕೆ ಅಷ್ಟು ಬಿಗಿ ಅನ್ನುವುದಕ್ಕೆ ಉತ್ತರ ಅದೇ. ಎರಡನೆಯದು, ಫೀಡ್ ಮುಗಿದ ಕೂಡಲೇ ಫ್ಲಶ್ ಮಾಡದೆ, ಫೋನ್ ಬಂತು ಅಂತಲೋ ಬಾಗಿಲು ಬಡಿದರು ಅಂತಲೋ ಎದ್ದು ಹೋಗುವುದು.

ಕಟ್ಟಿಕೊಂಡರೆ ದೊಡ್ಡ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು ಮೆಲ್ಲಗೆ ಹಿಂದೆ ಮುಂದೆ ಮಾಡಿ. ಆಗದಿದ್ದರೆ ನೀರನ್ನು ಒಳಗೇ ಬಿಟ್ಟು ಟ್ಯೂಬ್ ಮುಚ್ಚಿ ಕಾಲು ಗಂಟೆ ಕಾಯಿರಿ, ಮತ್ತೆ ಪ್ರಯತ್ನಿಸಿ. ಚಿಕ್ಕ ಸಿರಿಂಜ್ ಒತ್ತಡ ಜಾಸ್ತಿ ಹಾಕುತ್ತದೆ, ಟ್ಯೂಬ್ ಒಡೆಯಬಹುದು. ತಂತಿ ಹಾಕಿ ಚುಚ್ಚಲೇಬೇಡಿ. ಕೋಲಾ, ಹಣ್ಣಿನ ರಸ ಬೇಡ. ಹುಳಿಗೆ ಫೀಡಿನ ಪ್ರೋಟೀನ್ ಒಡೆದು ಇನ್ನೂ ಗಟ್ಟಿಯಾಗುತ್ತದೆ.

ಇಸಬ್‌ಗೋಲ್ ಟ್ಯೂಬಿನಲ್ಲಿ ಹಾಕಬಹುದಾ?

ಬೇಡ. ನೀರು ತಾಗಿದ ಕೆಲವೇ ನಿಮಿಷದಲ್ಲಿ ಅದು ಲೋಳೆಯಾಗಿ ಊದಿಕೊಳ್ಳುತ್ತದೆ. ಟ್ಯೂಬಿನಲ್ಲೇ ಊದಿದರೆ ಟ್ಯೂಬ್ ಹೋಯಿತು.

ನಾರಿನ ಪುಡಿ ಕೊಟ್ಟಿದ್ದಾರೆ. ಫೀಡಿನ ಚೀಲಕ್ಕೇ ಕಲಸಬಹುದಾ?

ಬೇರೆಯಾಗಿ ಕೊಡುವುದು ಒಳ್ಳೆಯದು. ಅಳತೆಯ ಪುಡಿಯನ್ನು ನೀರಿನಲ್ಲಿ ಪೂರ್ತಿ ಕರಗಿಸಿ ಸಿರಿಂಜಿನಲ್ಲಿ ಕೊಡಿ, ಮೊದಲು ಮತ್ತು ಆಮೇಲೆ ನೀರು ಹಾಯಿಸಿ. ಒಡೆದ ಗ್ವಾರ್ ಗಮ್ ಆದರೆ ಕರಗಿದ ಮೇಲೆ ನೀರು ಹೆಚ್ಚುಕಡಿಮೆ ತಿಳಿಯಾಗೇ ಕಾಣುತ್ತದೆ. ಐದು ನಿಮಿಷ ಬಿಟ್ಟು ನೋಡಿದಾಗ ಮಂದವಾಗಿದ್ದರೆ ಆ ಪುಡಿ ಟ್ಯೂಬಿಗಲ್ಲ. ಮುಚ್ಚಿದ ಚೀಲವನ್ನು ತೆರೆದು ಏನು ಸೇರಿಸಿದರೂ ಕೈಯಿಂದ ಕ್ರಿಮಿ ಸೇರುವ ಭಯ ಇರುತ್ತದೆ.

ಪುಡಿಯ ಪಟ್ಟಿಯಲ್ಲಿ ಸಕ್ಕರೆ, ಮಾಲ್ಟೋಡೆಕ್ಸ್‌ಟ್ರಿನ್ ಇದೆಯಾ ನೋಡಿ. ಅಪಸ್ಮಾರಕ್ಕಾಗಿ ಕೀಟೋ ಆಹಾರದಲ್ಲಿ, ಅಂದರೆ ಕೊಬ್ಬು ಜಾಸ್ತಿ, ಸಕ್ಕರೆ-ಪಿಷ್ಟ ತೀರಾ ಕಡಿಮೆ ಇರುವ ಆಹಾರದಲ್ಲಿರುವ ಮಗುವಿಗೆ ಅಷ್ಟು ಸಣ್ಣ ಪ್ರಮಾಣವೂ ಲೆಕ್ಕ ತಪ್ಪಿಸಬಹುದು. ಅಂಥ ಮಗುವಿಗೆ ಕೀಟೋ ನೋಡಿಕೊಳ್ಳುವವರನ್ನು ಕೇಳದೆ ಯಾವ ಪುಡಿಯೂ ಬೇಡ.

ಡಬ್ಬಿ ಬಿಟ್ಟು ಮನೆಯ ಊಟವನ್ನೇ ಮಿಕ್ಸಿಯಲ್ಲಿ ರುಬ್ಬಿ ಕೊಟ್ರೆ ನಾರು ತಾನಾಗೇ ಸಿಗುತ್ತಲ್ವಾ?

ಸಿಗುತ್ತದೆ. ತರಕಾರಿ, ಹಣ್ಣು, ಕಾಳು, ಓಟ್ಸ್ ಇವುಗಳ ಜೊತೆ ಹತ್ತಾರು ಬಗೆಯ ನಾರು ಬರುತ್ತದೆ. ರುಬ್ಬಿದ ಊಟಕ್ಕೆ ಬಂದ ಮೇಲೆ ವಾಂತಿ, ಓಕರಿಕೆ ಕಡಿಮೆಯಾದ, ಮೋಷನ್ ಸರಿಹೋದ ಮಕ್ಕಳನ್ನು ನಾನೇ ನೋಡಿದ್ದೇನೆ. ಮನೆಯವರೆಲ್ಲ ಉಣ್ಣುವುದನ್ನೇ ತನ್ನ ಮಗುವೂ ಉಣ್ಣುತ್ತಿದೆ ಅನ್ನುವ ನೆಮ್ಮದಿ ಅಮ್ಮನ ಮುಖದಲ್ಲಿ ಕಾಣುತ್ತದೆ. ಅದಕ್ಕೂ ಬೆಲೆ ಇದೆ.

ಆದರೆ ನಿಯಮ ಬಿಗಿ. ಮಗುವಿಗೆ ಕನಿಷ್ಠ 6 ತಿಂಗಳು ತುಂಬಿರಬೇಕು. ಹೊಟ್ಟೆಯ ಟ್ಯೂಬ್ ಇರಬೇಕು, ಅದೂ 14 ಫ್ರೆಂಚ್ ಅಥವಾ ದೊಡ್ಡದು ಇದ್ದರೆ ಒಳ್ಳೆಯದು. ತೆಳ್ಳಗಿನ ಮೂಗಿನ ಟ್ಯೂಬ್ ಕಟ್ಟಿಕೊಳ್ಳುತ್ತದೆ. ನೇರ ಕರುಳಿಗೆ ಹೋಗುವ ಟ್ಯೂಬಿಗೆ ಬೇಡ. ಸಿಪ್ಪೆ, ಬೀಜ ತೆಗೆದು, ಚೆನ್ನಾಗಿ ಬೇಯಿಸಿ, ಜೋರಾದ ಮಿಕ್ಸಿಯಲ್ಲಿ ರುಬ್ಬಿ, ಸಣ್ಣ ಜರಡಿಯಲ್ಲಿ ಸೋಸಿ. ಹೊರಗೆ 2 ಗಂಟೆಗಿಂತ ಜಾಸ್ತಿ ಇಡಬೇಡಿ. ಸಾಮಾನ್ಯವಾಗಿ ಆಗುವ ತಪ್ಪು, ತೆಳುವಾಗಲಿ ಅಂತ ನೀರು ಸುರಿಯುತ್ತಾ ಹೋಗುವುದು. ಹೊಟ್ಟೆ ತುಂಬುತ್ತದೆ, ಕ್ಯಾಲೊರಿ ಸಿಗುವುದಿಲ್ಲ, ತೂಕ ನಿಲ್ಲುತ್ತದೆ. ಎಣ್ಣೆ, ಹಾಲು, ಫಾರ್ಮುಲಾ ಹಾಕಿ ತೆಳು ಮಾಡಬಹುದು. ಯಾವುದು ಎಷ್ಟು ಅನ್ನುವುದನ್ನು ಡಯಟಿಷಿಯನ್ ಮಗುವಿನ ತೂಕ ನೋಡಿ ಬರೆದುಕೊಡಬೇಕು.

ನಾರು ಔಷಧಗಳಿಗೆ ಅಡ್ಡಿ ಮಾಡುತ್ತಾ?

ಕೆಲವಕ್ಕೆ ಮಾಡುತ್ತದೆ. ಥೈರಾಯ್ಡ್‌ಗೆ ಕೊಡುವ ಲೆವೊಥೈರಾಕ್ಸಿನ್ ಒಳ್ಳೆಯ ಉದಾಹರಣೆ. ನಾರಿನ ಜೊತೆ ಹೋದರೆ ಅದು ಮೈಗೆ ಹತ್ತುವುದು ಕಡಿಮೆ. ಔಷಧವನ್ನು ಫೀಡಿಗೆ ಕಲಸದೆ ಬೇರೆಯಾಗಿ ಕೊಡಿ. ನಾರಿನ ಪುಡಿ ಹೊಸದಾಗಿ ಶುರುವಾದರೆ ಫಾರ್ಮಸಿಸ್ಟ್‌ಗೆ ಔಷಧಗಳ ಪೂರ್ತಿ ಪಟ್ಟಿ ತೋರಿಸಿ, ಎಷ್ಟು ಅಂತರ ಬೇಕು ಅಂತ ಕೇಳಿ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಟ್ಯೂಬ್ ಹೊಟ್ಟೆ ದಾಟಿ ಸಣ್ಣ ಕರುಳಿಗೆ ಹೋಗಿದೆ. ಆಗಲೂ ನಾರು ಕೊಡಬಹುದಾ?

ಬಹಳ ಮಕ್ಕಳಿಗೆ ಕೊಡಬಹುದು. ಆದರೆ ಜಠರದ ಹಾಗೆ ತುಂಬಿಟ್ಟುಕೊಳ್ಳುವ ಜಾಗ ಸಣ್ಣ ಕರುಳಿನಲ್ಲಿ ಇಲ್ಲ. ಫೀಡ್ ಪಂಪಿನಲ್ಲಿ ನಿಧಾನಕ್ಕೆ ಹೋಗಬೇಕು. ಟ್ಯೂಬ್ ಉದ್ದ, ಕಿರಿದು, ಕಟ್ಟಿಕೊಂಡರೆ ಬದಲಾಯಿಸಲು ಎಕ್ಸ್‌ರೇ ಬೇಕಾಗುತ್ತದೆ. ಆದ್ದರಿಂದ ತೆಳುವಾಗಿ ಕರಗುವ ನಾರು ಮಾತ್ರ, ಅದೂ ತಯಾರಾಗಿ ಬರುವ ಫೀಡಿನಲ್ಲಿರುವುದು. ಒಂದೇ ಸಲ ಸಿರಿಂಜ್ ತುಂಬ ನೀರು ನುಗ್ಗಿಸಬೇಡಿ. ನೀರಿನ ಕೊರತೆ ತುಂಬುವುದನ್ನೂ ಪಂಪಿನಲ್ಲೇ ಮಾಡಬೇಕಾಗಬಹುದು.

ಫೀಡ್ ಆದ ಸ್ವಲ್ಪ ಹೊತ್ತಿಗೆ ಮಗು ಬೆವರಿ, ಬಿಳಚಿಕೊಂಡು, ಸುಸ್ತಾಗುತ್ತೆ. ಪೆಕ್ಟಿನ್ ಕೊಡೋಣ ಅಂದ್ರು. ಏನಿದು?

ಫೀಡ್ ಜಠರದಲ್ಲಿ ನಿಲ್ಲದೆ ಕರುಳಿಗೆ ಸುರಿದುಹೋಗುತ್ತಿದೆ. ಇದನ್ನು ಡಂಪಿಂಗ್ ಅನ್ನುತ್ತಾರೆ. ವಾಂತಿ ತಡೆಯಲು ಜಠರದ ಮೇಲ್ಭಾಗವನ್ನು ಸುತ್ತಿ ಹೊಲಿಯುವ ಆಪರೇಷನ್ ಆದ ಮಕ್ಕಳಲ್ಲಿ ಕಾಣುತ್ತದೆ. ರಕ್ತದ ಸಕ್ಕರೆ ಮೊದಲು ಏರಿ ಆಮೇಲೆ ಕುಸಿಯುತ್ತದೆ. ಪೆಕ್ಟಿನ್ ಅಂಟು ಅಂಟಾಗಿ ಫೀಡನ್ನು ಮಂದ ಮಾಡಿ, ಜಠರದಿಂದ ನಿಧಾನಕ್ಕೆ ಬಿಡಿಸುತ್ತದೆ. ಹಾಲಿನ ಕ್ಯಾಲ್ಸಿಯಂ ಸೇರಿದರೆ ಕೆಲವು ಪೆಕ್ಟಿನ್ ಜೆಲ್ ಆಗುತ್ತವೆ, ಹಾಗಾಗಿ ಯಾವ ಕ್ರಮದಲ್ಲಿ, ಎಷ್ಟು ನೀರಿನಲ್ಲಿ ಕೊಡಬೇಕು ಅಂತ ಆಸ್ಪತ್ರೆಯಲ್ಲಿ ನಿಮ್ಮ ಕೈಯಿಂದಲೇ ಒಮ್ಮೆ ಮಾಡಿಸಿ ತೋರಿಸಲು ಹೇಳಿ. ಆ ಬೆವರಿನ ಹೊತ್ತಿನಲ್ಲಿ ಶುಗರ್ ಪರೀಕ್ಷೆ ಮಾಡಿ ಸಂಖ್ಯೆ ಬರೆದಿಟ್ಟರೆ ಡಾಕ್ಟರಿಗೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ.

ಆಪರೇಷನ್‌ನಲ್ಲಿ ಕರುಳು ಬಹಳಷ್ಟು ತೆಗೆದಿದ್ದಾರೆ. ನಾರು ಕೊಟ್ರೆ ಒಳ್ಳೇದಾ?

ದೊಡ್ಡ ಕರುಳು ಉಳಿದಿದೆಯಾ, ಅದು ಸಣ್ಣ ಕರುಳಿಗೆ ಜೋಡಣೆಯಾಗಿದೆಯಾ? ಇದು ಮೊದಲ ಪ್ರಶ್ನೆ. ಜೋಡಣೆ ಇದ್ದರೆ ಕರಗುವ ನಾರಿನಿಂದ ಹುಟ್ಟುವ ಆಮ್ಲಗಳನ್ನು ದೊಡ್ಡ ಕರುಳು ಹೀರಿಕೊಂಡು ಶಕ್ತಿಯಾಗಿ ಬಳಸುತ್ತದೆ, ನೀರನ್ನೂ ಉಳಿಸುತ್ತದೆ. ನಾರಿನಿಂದ ಗ್ರಾಂಗೆ ಸರಾಸರಿ 2 ಕ್ಯಾಲೊರಿ ಸಿಗುತ್ತದೆ ಅಂತ ಲೆಕ್ಕ. ಒಂದೊಂದು ಕ್ಯಾಲೊರಿಗೂ ಒದ್ದಾಡುವ ಮಗುವಿಗೆ ಅದು ಕಡಿಮೆಯಲ್ಲ. ಸಣ್ಣ ಕರುಳಿನ ತುದಿಯನ್ನೇ ಹೊಟ್ಟೆಯ ಮೇಲೆ ತೆರೆದಿದ್ದರೆ ಈ ಲಾಭ ಹೆಚ್ಚು ಸಿಗುವುದಿಲ್ಲ.

ಒಂದು ಅಪಾಯ ತಿಳಿದಿರಲಿ. ಇಂಥ ಮಕ್ಕಳಲ್ಲಿ ಬ್ಯಾಕ್ಟೀರಿಯಾ ವಿಪರೀತ ಬೆಳೆದು ಡಿ-ಲ್ಯಾಕ್ಟೇಟ್ ಎಂಬ ಆಮ್ಲ ರಕ್ತಕ್ಕೆ ಸೇರಬಹುದು. ಮಗು ಇದ್ದಕ್ಕಿದ್ದ ಹಾಗೆ ಮಂಕಾದರೆ, ಮಾತು ತೊದಲಿದರೆ, ನಡೆಯುವ ಮಗು ತೂರಾಡಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಕರುಳಿನ ಆಪರೇಷನ್ ಆಗಿದೆ ಅಂತ ಮೊದಲೇ ಹೇಳಿ.

ನಾರು ಕಬ್ಬಿಣ, ಸತುವನ್ನು ತಡೆಯುತ್ತೆ ಅಂತ ಓದಿದೆ.

ತಡೆಯುವುದು ಮುಖ್ಯವಾಗಿ ಫೈಟೇಟ್ ಎಂಬ ಅಂಶ. ಧಾನ್ಯದ ತವುಡು, ಕಾಳುಗಳಲ್ಲಿ ಅದು ನಾರಿನ ಜೊತೆಗೇ ಇರುತ್ತದೆ. ಫಾರ್ಮುಲಾಗೆ ಹಾಕುವ ಇನ್ಯುಲಿನ್, ಗ್ವಾರ್ ಗಮ್‌ನಂಥ ಶುದ್ಧ ನಾರಿನಲ್ಲಿ ಆ ಚಿಂತೆ ಇಲ್ಲ. ರುಬ್ಬಿದ ಊಟ ಕೊಡುವವರು ಆಗಾಗ ರಕ್ತ ಪರೀಕ್ಷೆ ಮಾಡಿಸಿ.

ಯಾವಾಗ ನಾರು ಕೊಡಲೇಬಾರದು? ಯಾವಾಗ ಓಡಬೇಕು?

ಕರುಳಿನಲ್ಲಿ ಎಲ್ಲಾದರೂ ಕಿರಿದಾಗಿದ್ದರೆ, ಕರುಳಿನ ಚಲನೆಯೇ ಸರಿಯಿಲ್ಲದ ಕಾಯಿಲೆ ಇದ್ದರೆ, ಹೊಟ್ಟೆಯ ಆಪರೇಷನ್ ಈಗಷ್ಟೇ ಆಗಿದ್ದರೆ, ನಾರು ಡಾಕ್ಟರ್ ಹೇಳುವವರೆಗೆ ಬೇಡ.

ಹಸಿರು ವಾಂತಿ, ಮುಟ್ಟಿದರೆ ಅಳುವ ಗಟ್ಟಿ ಹೊಟ್ಟೆ, ಮಲದಲ್ಲಿ ರಕ್ತ, ಗ್ಯಾಸೂ ಇಲ್ಲ ಮೋಷನ್ನೂ ಇಲ್ಲ: ಇವುಗಳಲ್ಲಿ ಒಂದು ಕಂಡರೂ ಫೀಡ್ ನಿಲ್ಲಿಸಿ, ಹೊಟ್ಟೆಯ ಟ್ಯೂಬ್ ಇದ್ದರೆ ಗಾಳಿಗೆ ತೆರೆದಿಟ್ಟು, ಹೊರಡಿ. ರಾತ್ರಿಯಾಗಿದೆ, ಬೆಳಿಗ್ಗೆ ನೋಡೋಣ ಅನ್ನಬೇಡಿ.

ಮಗು ಈಗ ಬಾಯಲ್ಲಿ ಒಂದೆರಡು ಚಮಚ ತಿನ್ನೋಕೆ ಶುರು ಮಾಡಿದೆ. ಆ ನಾರನ್ನೂ ಲೆಕ್ಕ ಹಿಡೀಬೇಕಾ?

ಸದ್ಯಕ್ಕೆ ಬೇಡ. ಒಂದು ಚಮಚ ಬೇಯಿಸಿದ ಕ್ಯಾರೆಟ್‌ನಲ್ಲಿ ಅರ್ಧ ಗ್ರಾಮೂ ನಾರಿಲ್ಲ. ಈಗ ರುಚಿ, ನುಂಗುವುದು, ಖುಷಿ ಇಷ್ಟೇ ನೋಡಿ. ನುಂಗಲು ಯಾವ ಹದ ಸುರಕ್ಷಿತ ಅಂತ ಸ್ಪೀಚ್ ಥೆರಪಿಸ್ಟ್ ಹೇಳಿರುತ್ತಾರೆ, ಆ ಹದ ಬಿಡಬೇಡಿ. ನಾರು ಬೇಕು ಅಂತ ಸಿಪ್ಪೆ ಸಮೇತ ಹಣ್ಣು, ಒರಟು ಧಾನ್ಯ ಬಾಯಿಗೆ ಹಾಕಿದರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಬಾಯಿಂದ ಹೋಗುವುದು ಒಂದು ಬಟ್ಟಲಾದ ಮೇಲೆ ಟ್ಯೂಬಿನ ಫೀಡ್ ಕಡಿಮೆ ಮಾಡುತ್ತಾರೆ. ಆಗ ಫೀಡಿನ ಜೊತೆ ಟ್ಯೂಬಿನ ನೀರೂ ಕಡಿಮೆಯಾಗುತ್ತದೆ. ಬಟ್ಟಲಿನ ಊಟಕ್ಕೆ ಬದಲಾಯಿಸಿದ ಆ ವಾರ ಕ್ಯಾಲೆಂಡರ್ ಚೌಕದಲ್ಲಿ ಸಂಖ್ಯೆ ಬರೆಯುವುದನ್ನು ಮತ್ತೆ ಶುರು ಮಾಡಿ.